ಎರಡು ವ್ಯಾಟಿನ ‘ಬತ್ತೆ’

ಸೋಲ್ಡರಿಂಗ್ ಐರನ್ ಕಾದು, ರಾಳ ಕರಗಿ ಒಂದೆಳೆ ಹೊಗೆ ಎದ್ದದ್ದೇ ತಡ, ನನಗೆ ಕೆಮ್ಮು ಬಂತು. “ಎಂತ ಸುಟ್ ವಾಸ್ನಿ ಹ್ವಾಯ್?” ಎಂದು ಅಡುಗೆಮನೆಯಿಂದ ನನ್ನ ಹೆಂಡತಿ ಶಾರದೆಯ ಸ್ವರ. ಏನೂ ಇಲ್ಲ ಎಂದೆ. ಅಟ್ಟದಲ್ಲಿ ಕೊಡೆ ಹುಡುಕಲು ಹೋದವನಿಗೆ ಹಳೆಯ ಬಿಸ್ಕತ್ತಿನ ಡಬ್ಬಿ ಸಿಕ್ಕಿತ್ತು. ಒಳಗೆ ನನ್ನ ಪುಟ್ಟ ರೇಡಿಯೊ. ಕಡಿದುಹೋದ ಒಂದು ತಂತಿಯನ್ನು ಬೆಸೆಯುತ್ತ ಕೂತಿದ್ದೆ. ಆ ರಾಳದ ಹೊಗೆ ಮೂಗಿಗೆ ಬಡಿದದ್ದೇ, ನೀವು ನಂಬಿ, ಬಿಡಿ, ಹಂಗಾರಕಟ್ಟೆಯ ವಾಸಣ್ಣ ನೆನಪಾಗಿ ಕೈ ನಿಂತಿತು.

ರೇಡಿಯೊ ಎಂದರೆ ಹಾಡು, ವಾರ್ತೆ ಕೇಳುವುದಲ್ಲ. ಹ್ಯಾಮ್ ರೇಡಿಯೊ, ಪರೀಕ್ಷೆ ಬರೆದು, ಸರಕಾರದ ಲೈಸೆನ್ಸು ಪಡೆದು, ಕೀ ಕುಟ್ಟಿ ಡಾಟ್, ಡ್ಯಾಶ್‌ಗಳ ಮೋರ್ಸ್ ಸಂಕೇತದಲ್ಲಿ ಮಾತಾಡುವ ಹುಚ್ಚು. ಅದರಲ್ಲೂ ನನ್ನದು ಬಡವರ ಪಂಗಡ. ನೂರು ವ್ಯಾಟಿನಲ್ಲಿ ಗರ್ಜಿಸುವವರ ನಡುವೆ ಟಾರ್ಚಿನ ಬಲ್ಬಿಗೆ ಸಾಕಾಗುವಷ್ಟು, ಎರಡೇ ವ್ಯಾಟಿನಲ್ಲಿ ಪಿಸುಗುಟ್ಟುವುದು. ನನ್ನ ದೇಹಕ್ಕೂ ಅದೇ ಸರಿ. ಬಾಲ್ಯದಲ್ಲಿ ಬಂದ ಒಂದು ಜ್ವರ ಹೋಗುವಾಗ ಎದೆಯ ಕವಾಟವನ್ನು ಬಿಗಿದು ಹೋಗಿತ್ತು. ಅಂದಿನಿಂದ ನಾನೂ ಕಡಿಮೆ ವ್ಯಾಟಿನ ಮನುಷ್ಯ.

ನಡೆಯುವ ಆಸೆ ಮಾತ್ರ ದೊಡ್ಡದು. ನಾವುಂದದ ನಮ್ಮ ಮನೆಯಿಂದ ಮೂಡಕ್ಕೆ ಗದ್ದೆ ಹುಣಿ ದಾಟಿ, ಹಾಡಿಯ ಮರಗಳ ನಡುವಿನ ಒಳದಾರಿ ಹಿಡಿದು, ಗುಡ್ಡದ ಮೇಲೆ ಗೇರುಮರಗಳಿರುವ ಕಲ್ಲುಪಾರೆಗೆ ಹೋಗುವುದೆಂದರೆ ನನಗೆ ಕಾಶಿಗೆ ಹೋದಂತೆ. ಹತ್ತು ಮಾರು ಏರಿದರೆ ಉಸಿರು ಕಟ್ಟುತ್ತಿತ್ತು. ಸುಮ್ಮನೆ ನಿಂತರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಜೋಳಿಗೆಯಲ್ಲಿ ರೇಡಿಯೊ ಇದ್ದರೆ ಹಾಗಲ್ಲ. ತಂತಿ ಕಟ್ಟಲು ಮರ ನೋಡುತ್ತಿದ್ದೇನೆ ಎಂದು ಗತ್ತಿನಿಂದ ನಿಲ್ಲಬಹುದು. ನಾನು ಹ್ಯಾಮ್ ಆದದ್ದರ ಅರ್ಧ ಕಾರಣ ಇದೇ ಇರಬೇಕು.

ಗತ್ತು ಎಲ್ಲರ ಮುಂದೆ ನಡೆಯುವುದಿಲ್ಲ ಎನ್ನಿ. ಒಮ್ಮೆ ಎರಡು ಗೇರುಮರಗಳ ನಡುವೆ ಏರಿಯಲ್ ಎಳೆದು ಕಟ್ಟುತ್ತಿದ್ದಾಗ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನಿಂತು ನೋಡಿದಳು. “ಬಟ್ಟಿ ಒಣ್ಗ್ಸುಕೆ ಇಲ್ಲಿ ತನ್ಕ ಬಪ್ದಾ ಮಾರಾಯ್ರೆ? ಮನಿ ಅಂಗಳ್ದಗೆ ಜಾಗ ಇಲ್ಯಾ?” ನಾನು ಇದ್ದಬದ್ದ ವಿಜ್ಞಾನವನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, ಆಗಲಿ ಎಂಬಂತೆ ತಲೆಯಾಡಿಸಿ, “ಅಕ್ಕ್, ಬಿಸ್ಲ್ ಇಪ್ಪತಿಗೆ ಒಣ್ಗ್ಸ್ಕಣಿ” ಎಂದು ಹೋದಳು.

ಆ ತಂತಿಯಿಂದ ಹೊರಟ ಮಾತಿನ ಇನ್ನೊಂದು ತುದಿಯಲ್ಲಿ ಇದ್ದವರು ವಾಸಣ್ಣ. ಆಯುಷ್ಯದ ಬಹುಭಾಗ ಹಡಗಿನಲ್ಲಿ ವೈರ್‌ಲೆಸ್ ಆಫೀಸರ್ ಆಗಿದ್ದವರು. ಹಡಗುಗಳು ಮೋರ್ಸ್ ಬಿಟ್ಟ ಹೊತ್ತಿಗೆ ಅವರೂ ಹಡಗು ಬಿಟ್ಟು ಹಂಗಾರಕಟ್ಟೆಯ ಅಳಿವೆ ಬದಿಯ ಮನೆಗೆ ಬಂದು ಕೂತರು. ಬೆಳಗಿನ ತಿಂಡಿ ಮುಗಿಸಿ ಅವರು ಅಲ್ಲಿಂದ, ನಾನು ಪಾರೆಯಿಂದ, ಕುಂದಾಪುರದ ತಲೆಯ ಮೇಲೆ ಹಾಯಿಸಿ ಮಾತಾಡುತ್ತಿದ್ದೆವು. ಮಾತೇನು ಮಹಾ? ದೋಣಿ ಬಂತಾ, ಬಂಗಡೆ ಸಿಕ್ಕಿತಾ, ಉಸಿರು ಹೇಗಿದೆ, ಅಷ್ಟೇ. ನನ್ನ ಕುಂಟು ಮೋರ್ಸಿಗೆ ತಕ್ಕಂತೆ ಅವರು ತಮ್ಮ ಓಟದ ಕೈಯನ್ನು ನಿಧಾನ ಮಾಡುತ್ತಿದ್ದರು.

ಹ್ಯಾಮ್‌ಗಳು ಮಾತು ಮುಗಿಸುವಾಗ ಎಪ್ಪತ್ತಮೂರು ಎಂಬ ಅಂಕೆ ಕಳಿಸುವುದು ಲೋಕರೂಢಿ; ಶುಭಾಶಯ ಎಂದರ್ಥ. ವಾಸಣ್ಣನಿಗೆ ಅದು ಸಾಲದು. ನಮ್ಮ ಕಡೆ ಹೊರಡುವವರು ‘ಹೋತೆ’ ಎನ್ನಬಾರದು, ‘ಬತ್ತೆ’, ಅಂದರೆ ಬರುತ್ತೇನೆ, ಎನ್ನಬೇಕು. ಹೋತೆ ಎಂದರೆ ಹೋಗಿಯೇಬಿಟ್ಟಂತೆ. ಹಾಗಾಗಿ ಎಪ್ಪತ್ತಮೂರರ ಹಿಂದೆಯೇ ಅವರು ಬಿ, ಎ, ಟಿ, ಎಚ್, ಇ ಎಂದು ಕುಟ್ಟುತ್ತಿದ್ದರು. ನಾನೂ ಕುಟ್ಟುತ್ತಿದ್ದೆ. ಆ ಐದಕ್ಷರವನ್ನು ಇಂಗ್ಲಿಷ್ ಪದವೆಂದೇ ಓದಿಕೊಂಡು ಬಹಳ ದಿನ ಕದ್ದು ಕೇಳಿದ ಪುಣೆಯ ಹ್ಯಾಮ್ ಒಬ್ಬ ಒಂದು ದಿನ ತಡೆಯಲಾರದೆ ನಡುವೆ ಬಂದು ಇಂಗ್ಲಿಷಿನಲ್ಲಿ ಕೇಳಿದ: ನೀವಿಬ್ಬರೂ ಮಾತು ಮುಗಿದ ಕೂಡಲೇ ಸ್ನಾನಕ್ಕೆ ಹೋಗುತ್ತೀರಲ್ಲ, ಅದೇನು ವ್ರತವೇ? ವಾಸಣ್ಣ ಆ ಸಂಜೆ ಫೋನು ಮಾಡಿ ನಕ್ಕದ್ದೇ ನಕ್ಕದ್ದು. “ನಮ್ಮ್ ಮಾತ್ ಕೇಂಡ್ರೆ ಮೀಯ್ಲೇಬೇಕ್ ಅಂಬ್ರ್!”

ವರ್ಷಕ್ಕೊಮ್ಮೆ ಇಬ್ಬರೂ ಬಸ್ಸು ಹತ್ತಿ ಶಂಕರನಾರಾಯಣದ ಕಡೆ ತಿರುಗಾಟಕ್ಕೆ ಹೋಗುತ್ತಿದ್ದೆವು. ದಾರಿ ಏರತೊಡಗಿದರೆ ಸಾಕು, ವಾಸಣ್ಣ ಕೂತುಬಿಡುವರು. “ಹ್ವಾಯ್, ನಿಲ್ಲಿ, ಕಾಲಿಗೆ ಮುಳ್ಳ್ ಹೊಕ್ತ್.” ಚಪ್ಪಲಿ ಬಿಚ್ಚಿ, ಪಾದ ತಿರುಗಿಸಿ, ಇಲ್ಲದ ಮುಳ್ಳನ್ನು ನನ್ನ ಉಸಿರು ಹದಕ್ಕೆ ಬರುವ ತನಕ ಹುಡುಕುವರು. ಆ ಊರಿನ ಮುಳ್ಳುಗಳೆಲ್ಲ ಅವರ ಬಲಗಾಲನ್ನೇ ಕಾಯುತ್ತಿದ್ದವು, ಅದೂ ಏರಿನಲ್ಲಿ ಮಾತ್ರ. ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.

ಕೊನೆಗೆ ಕವಾಟ ಬದಲಿಸದೆ ವಿಧಿಯಿಲ್ಲ ಎಂದು ಡಾಕ್ಟರು ಹೇಳಿದರು. ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಅಂಗಳದಲ್ಲೇ ತಂತಿ ಕಟ್ಟಿ ಕೂತೆ. ನಿಜ ಹೇಳುತ್ತೇನೆ, ತಿರುಗಿ ಬರುತ್ತೇನೆಂಬ ಧೈರ್ಯ ನನಗಿರಲಿಲ್ಲ. ಎಪ್ಪತ್ತಮೂರು ಮಾತ್ರ ಕಳಿಸಿ ಕೈ ತೆಗೆದೆ. ಆಚೆಯಿಂದ ಪ್ರಶ್ನಾರ್ಥಕ ಚಿಹ್ನೆ ಬಂತು. ಮತ್ತೆ ಎಪ್ಪತ್ತಮೂರು ಎಂದೆ. ಮತ್ತೆ ಪ್ರಶ್ನೆ. ಹೊರಗೆ ಕಾರು ಬಂದು ನಿಂತಿತ್ತು, ಶಾರದೆ ಚೀಲ ಹಿಡಿದು ನಿಂತಿದ್ದಳು, ವಾಸಣ್ಣ ಮಾತ್ರ ಸಾಲಗಾರನ ಬಾಗಿಲಲ್ಲಿ ಕೂತವರ ಹಾಗೆ ಅದೊಂದೇ ಪ್ರಶ್ನೆ ಕುಟ್ಟುತ್ತಿದ್ದರು. ಕಡೆಗೆ ಬತ್ತೆ ಎಂದು ಕಳಿಸಿದೆ. ಆಮೇಲಷ್ಟೇ ಅವರು ಬಿಟ್ಟರು.

ಬಂದೆ. ಎದೆಯಲ್ಲಿ ಲೋಹದ ಕವಾಟ ಟಿಕ್ ಟಿಕ್ ಎನ್ನುತ್ತಿತ್ತು. ನೋಡಲು ಬಂದ ವಾಸಣ್ಣ ನನ್ನ ಹತ್ತಿರ ಬಗ್ಗಿ, ಕಿವಿಗೊಟ್ಟು, “ಬರೀ ಡಾಟ್ ಕಳ್ಸ್ತಿತ್ತ್ ಕಾಣಿ, ಡ್ಯಾಶ್ ಕಲಿಸ್ಕ್” ಎಂದರು. ಉಸಿರು ಪೂರಾ ಸರಿಯಾಗಲಿಲ್ಲ, ಇವತ್ತಿಗೂ ಆಗಿಲ್ಲ. ನಿಂತು ನಿಂತು ನಡೆಯುವುದು ಹಾಗೇ ಮುಂದುವರಿಯಿತು, ಅವರ ಮುಳ್ಳೂ.

ಮೊದಲು ಹೋಗುವವನು ನಾನೇ ಎಂದು ಎಲ್ಲರೂ ಎಣಿಸಿದ್ದರು, ನಾನೂ ಎಣಿಸಿದ್ದೆ. ಒಂದು ಮೇ ತಿಂಗಳಲ್ಲಿ, ಪಾರೆಯ ಮೇಲೆ, ವಾಸಣ್ಣ ಬತ್ತೆ ಎಂದು ಕಳಿಸಿ ಮುಗಿಸಿದ್ದರಷ್ಟೆ. ನಾನು ಕೀ ಮೇಲೆ ಬೆರಳಿಟ್ಟೆ. ಕಡಲ ಕಡೆಯಿಂದ ಫಳ್ಳೆಂದು ಮಿಂಚಿತು. ಮಿಂಚಿನಲ್ಲಿ ತಂತಿ ಹಿಡಿದು ಕೂರುವಷ್ಟು ಪೆದ್ದ ನಾನಲ್ಲ. ಬಿಚ್ಚಿ ಸುತ್ತಿ ಇಳಿದೆ. ಉತ್ತರ ನಾಳೆ ಕೊಟ್ಟರಾಯಿತು ಎಂದುಕೊಂಡೆ. ಅಂದು ರಾತ್ರಿ ಮಲಗಿದ ವಾಸಣ್ಣ ಬೆಳಿಗ್ಗೆ ಏಳಲಿಲ್ಲ.

ಹಂಗಾರಕಟ್ಟೆಗೆ ಹೋಗಿ, ಸುಡುವವರೆಗೂ ಇದ್ದು ಬಂದೆ. ಬಾವಿಕಟ್ಟೆಯಲ್ಲಿ ಮೀಯುವಾಗ ಪುಣೆಯವನ ಮಾತು ನೆನಪಾಗಿ ನಗು ಬಂತು. ನಗುತ್ತ ನಗುತ್ತಲೇ ಅತ್ತೆ. ಆಮೇಲೆ ಎಷ್ಟೋ ಬೆಳಿಗ್ಗೆ ನಾವು ಮಾತಾಡುತ್ತಿದ್ದ ಕಂಪನಾಂಕಕ್ಕೆ, ನಮ್ಮ ಆ ಜಾಗಕ್ಕೆ, ರೇಡಿಯೊ ತಿರುಗಿಸಿ ಕೇಳುತ್ತ ಕೂತದ್ದುಂಟು. ಅವರು ಬತ್ತೆ ಎಂದಿದ್ದಾರಲ್ಲ, ಅದೊಂದು ಬೆಪ್ಪು ಆಸೆ. ಕೀಯನ್ನು ಮಾತ್ರ ಮುಟ್ಟಲಾಗಲಿಲ್ಲ. ಕೊನೆಗೆ ಡಬ್ಬಿ ಅಟ್ಟ ಸೇರಿತು.

ಈಗ ತಂತಿ ಬೆಸೆದು, ಜೋಳಿಗೆ ಹೆಗಲಿಗೇರಿಸಿ, ಜಗಲಿಗೆ ಬಂದು “ಬತ್ತೆ” ಎಂದೆ. ಒಳಗೆ ಮಿಕ್ಸಿ ಸದ್ದು, ಶಾರದೆಗೆ ಕೇಳಲಿಲ್ಲ. ನಾನು ಮೆಟ್ಟಿಲಿಳಿಯಲಿಲ್ಲ, ನಿಂತೆ. ಮಿಕ್ಸಿ ನಿಂತಿತು. “ಬತ್ತೆ” ಎಂದೆ ಇನ್ನೊಮ್ಮೆ. “ಅಕ್ಕ್, ಹೋಯ್ ಬನಿ. ಏರ್ ಹತ್ತುವತಿಗೆ ನಿಧಾನ” ಎಂದಳು. ಆಗಲೇ ಕಾಲು ಎದ್ದದ್ದು. ಆಗಲೇ ನನಗೆ ಹೊಳೆದದ್ದು. ನಮ್ಮಲ್ಲಿ ಬತ್ತೆ ಎಂದವರು ಒಳಗಿನಿಂದ ಒಂದು ಮಾತು ಬಾರದೆ ಹೊರಡುವುದಿಲ್ಲ. ಇಷ್ಟು ವರ್ಷ ವಾಸಣ್ಣ ಬರಲಿ ಎಂದು ನಾನು ಕಾದೆ. ಅವರೋ, ನಾನು ಹೋಯ್ ಬನಿ ಎನ್ನಲಿ ಎಂದು ಜಗಲಿಯಲ್ಲೇ ನಿಂತಿದ್ದಾರೆ.

ನಿಂತು ನಿಂತು ಪಾರೆ ಹತ್ತಿದೆ. ತಂತಿ ಕಟ್ಟಿದೆ. ರೇಡಿಯೊದಲ್ಲಿ ನಮ್ಮ ಜಾಗ ಖಾಲಿ ಇತ್ತು. ನನ್ನ ಕರೆಸಂಕೇತ ಕಳಿಸಿ, ಅವರದೇ ನಿಧಾನದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ, ಹೋಯ್ ಬನಿ ಎಂದು ಕುಟ್ಟಿದೆ. ಎದೆ ಹಗುರವಾಯಿತು ಎಂದರೆ ಸುಳ್ಳು, ಭಾರವೇ ಆಯಿತು. ಆದರೂ ಉತ್ತರಕ್ಕೆ ಕಿವಿಗೊಡದೆ ಸ್ವಿಚ್ಚು ಆರಿಸಿದೆ.