ಮೂರನೆಯ ಗುಂಡಿಯಲ್ಲಿ ಕಂಡ ಮಟನ್

ದೊಡ್ಡೇರಿಯ ನಮ್ಮ ಮನೆಯಲ್ಲಿ ತಂಗಿಯ ಮದುವೆಯ ಬೀಗರೂಟ ಮುಗಿದ ಮೇಲೆ ಬರಗೂರಿನಿಂದ ದೂರು ಬಂತು. ಅವಳ ಗಂಡನ ದೊಡ್ಡಪ್ಪನ ಎಲೆಗೆ ಒಂದು ತುಂಡು ಮಟನ್ನೂ ಬಿದ್ದಿರಲಿಲ್ಲವಂತೆ, ಬರೀ ಸಾರಂತೆ. ಆ ಮನೆಗೆ ಅವರೇ ಹಿರಿಯರು. ತಪ್ಪು ಒಪ್ಪಿಕೊಳ್ಳುವ ತನಕ ಯುಗಾದಿಗೆ ಮಗನನ್ನೂ ಸೊಸೆಯನ್ನೂ ಕಳಿಸುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಮೊದಲ ಯುಗಾದಿಗೆ ಅಳಿಯ ಬಾರದಿದ್ದರೆ ಹೇಗೆ ಎಂದು ಅಪ್ಪ ಊಟ ಬಿಟ್ಟರು. ಆದರೂ, "ನಾನೇ ನಿಂತು ಬಡ್ಸಿವ್ನಿ, ಒಪ್ಕಳಲ್ಲ ಕಣ್ಲಾ" ಎನ್ನುತ್ತಿದ್ದರು.

ಮದುವೆಯ ವಿಡಿಯೊ ತೆಗೆದವನು ಶಿರಾದಲ್ಲಿ ಸ್ಟುಡಿಯೊ ಇಟ್ಟಿದ್ದ ನನ್ನ ಗೆಳೆಯ. ಆಗ ಡಿವಿಡಿಯ ಕಾಲ. ಒಂದೇ ಊಟವನ್ನು ಮೂವರ ಕಣ್ಣಿನಿಂದ ಕಥೆಯಾಗಿ ಹೇಳುವ ಹುಚ್ಚು ಹಿಡಿದು ಅವನು ಮೂರು ಕ್ಯಾಮೆರಾ ಇಟ್ಟಿದ್ದ. ರಿಮೋಟಿನಲ್ಲಿ ಒಂದನೆಯ ಗುಂಡಿ ಒತ್ತಿದರೆ ಅಪ್ಪನ ಕಥೆ, ಎರಡು ಒತ್ತಿದರೆ ದೊಡ್ಡಪ್ಪನದು, ಮೂರು ಒತ್ತಿದರೆ ಮಟನ್ ಬಕೆಟ್ ಹಿಡಿದು ಬಡಿಸಿದವನದು. ಒಬ್ಬೊಬ್ಬರ ಕಥೆಗೂ ಅವರವರದೇ ದನಿ, ದೂರು ಬಂದ ಮೇಲೆ ಮುದ್ರಿಸಿಕೊಂಡದ್ದು. ಪತ್ರಿಕೆಯಲ್ಲಿದ್ದ ನಾನು, ಯಾರ ಹೇಳಿಕೆಯನ್ನೂ ತಿದ್ದಬಾರದೆಂದು ಷರತ್ತು ಹಾಕಿದೆ. ದೊಡ್ಡಪ್ಪ ಮೈಕಿನ ಮುಂದೆ ತಮ್ಮ ದೂರನ್ನು ಎರಡು ಸಲ ಹೇಳಿದರು. ಮೊದಲ ಸಲ ಸಿಟ್ಟು ಸಾಲಲಿಲ್ಲವಂತೆ.

ಡಿವಿಡಿ ಹಿಡಿದು ಅಪ್ಪ, ಗೆಳೆಯ, ನಾನು ಮೂವರೂ ಬರಗೂರಿಗೆ ಹೋದೆವು. ದಿನವೂ ಸೀರಿಯಲ್ ನೋಡುವ, ದೊಡ್ಡಪ್ಪನ ಹೆಂಡತಿ ದೊಡ್ಡವ್ವನ ಕೈಯಲ್ಲೇ ರಿಮೋಟು ಇತ್ತು. ಒಂದು ಒತ್ತಿದರು. ಟಿವಿಯಲ್ಲಿ ಅಪ್ಪ ಸಾಲಿನುದ್ದಕ್ಕೂ "ನಾಚ್ಕಬ್ಯಾಡಿ ಬೀಗ್ರೇ" ಎನ್ನುತ್ತ ನಡೆದರು. ಎರಡು ಒತ್ತಿದರು. ದೊಡ್ಡಪ್ಪನ ಹೆಗಲ ಹಿಂದಿನಿಂದ ಚಿತ್ರ. ಅವರು ಪಕ್ಕದವನ ಕಡೆ ತಿರುಗಿ ಬೋರ್‌ವೆಲ್ ಮೋಟರಿನ ವಿಷಯ ಮಾತಾಡಿದರು, ಕ್ಯಾಮೆರಾವೂ ಅತ್ತಲೇ ತಿರುಗಿತು. ಮತ್ತೆ ಎಲೆ ನೋಡಿದರೆ ಬರೀ ಸಾರು.

"ನೋಡ್ರಪ್ಪಾ! ನಾನೇನ್ ಸುಳ್ಳೇಳಿದ್ನಾ? ಮೂರು ಒತ್ತಮ್ಮಿ."

ದೊಡ್ಡವ್ವ ಮತ್ತೆ ಒಂದು ಒತ್ತಿದರು. ಅಪ್ಪ ಮತ್ತೊಮ್ಮೆ ನಡೆದರು.

"ಮೂರು ಅಂದೆ!"

"ಕರೆಂಟ್ ಹೋಗೋ ಹೊತ್ತು, ಆಮ್ಯಾಕೆ ನೋಡಿದ್ರಾಯ್ತು ಬುಡಿ."

ದೊಡ್ಡಪ್ಪ ರಿಮೋಟು ಕಿತ್ತುಕೊಂಡು ತಾವೇ ಒತ್ತಿದರು. ಬಕೆಟ್ ಬಂತು, ಸೌಟು ಬಗ್ಗಿತು, ಅವರ ಎಲೆಗೆ ದಪ್ಪನೆಯ ತುಂಡುಗಳು ಬಿದ್ದವು. ಸಾಲಿನ ಕೊನೆಯಲ್ಲಿ ಕ್ಯಾಮೆರಾ ಹಿಂದಕ್ಕೆ ತಿರುಗಿತು. ಹಸಿರು ಬಳೆಯ ಕೈಯೊಂದು ಆ ತುಂಡುಗಳನ್ನೆಲ್ಲ ಎತ್ತಿ ಇನ್ನೊಂದು ಪಕ್ಕದ ಎಲೆಗೆ ಹಾಕಿಕೊಂಡಿತು.

ಎಲ್ಲರೂ ದೊಡ್ಡವ್ವನ ಬಳೆ ನೋಡಿದೆವು.

"ಡಾಕ್ಟ್ರು ಮಟನ್ ಮುಟ್ಬ್ಯಾಡಿ ಅಂದಿಲ್ವಾ? ನೀವು ಮುಟ್ಟೋಕ್ ಮುಂಚೆ ತಗಂಡೆ."

"ಇಷ್ಟ್ ದಿನ ನಾನು ಅವ್ರನ್ನ ಬೈತಿದ್ದಾಗ ಬಾಯ್ಬುಡಬಾರ್ದಾಗಿತ್ತಾ?"

"ನನ್ನ ಯಾರ್ ಕೇಳಿದ್ರಿ? ಮೂರು ಗುಂಡಿ ಮಡಗವ್ರೆ, ಅದ್ರಾಗೆ ನಂದೊಂದು ಐತಾ?"

ಗೆಳೆಯ ವೈರುಗಳನ್ನು ಸುತ್ತತೊಡಗಿದ. ಅಪ್ಪ ಬಹಳ ದಿನಗಳ ಮೇಲೆ ಅಲ್ಲೇ ಎರಡು ಮುದ್ದೆ ಉಂಡರು.

ಯುಗಾದಿಗೆ ಅಳಿಯ, ತಂಗಿ, ಹಿರಿಯರು ಎಲ್ಲರೂ ಬಂದರು. ಮರುದಿನದ ಹೊಸತೊಡಕಿನ ಬಾಡೂಟಕ್ಕೆ ಅಪ್ಪ ಮುಂಜಾಗ್ರತೆಯಾಗಿ ದೊಡ್ಡಪ್ಪನಿಗೆ ಹಜಾರದಲ್ಲೂ ದೊಡ್ಡವ್ವನಿಗೆ ಅಡುಗೆಮನೆಯಲ್ಲೂ ಎಲೆ ಹಾಕಿಸಿದರು. ದೊಡ್ಡಪ್ಪ ಒಂದು ತುಂಡು ತಿಂದರು. ಎರಡನೆಯದಕ್ಕೆ ಕೈ ಹಾಕುವಾಗ ಯಾಕೋ ಬಾಗಿಲ ಕಡೆ ನೋಡಿದರು.

ದೊಡ್ಡವ್ವ ಖಾಲಿ ತಟ್ಟೆ ಹಿಡಿದು ನಿಂತಿದ್ದರು.