ನನ್ನ ಗಂಡನಿಗೆ ವಕೀಲಿ ಸೀಟು ಸಿಕ್ಕಿದ್ದು

ನನ್ನ ಗಂಡ ಸಬಿನೊ ಪೋಮಾ ಕ್ಷೌರಿಕ. ಬೆಟ್ಟದ ಮೇಲಿನ ಹುವಾಂಕಾಯೊ ಊರಿನ ಚಿಲ್ಕಾ ಬಡಾವಣೆಯಲ್ಲಿ ಮೂವತ್ತೆರಡು ವರ್ಷ ಒಂದೇ ಕುರ್ಚಿ ಇಟ್ಟುಕೊಂಡು ಕೂದಲು ಕತ್ತರಿಸಿದ. ಅವನು ಓದಿದ್ದು ನಾಲ್ಕನೇ ಕ್ಲಾಸು. ನಾನು ಎರಡನೆಯದು. ಮಕ್ಕಳನ್ನು ಯಾವ ಕಾಲೇಜಿಗೆ ಹಾಕಬೇಕೆಂದು ಕೇಳಿಕೊಂಡು ಜನ ಈಗಲೂ ನನ್ನ ಸೂಪಿನ ಅಂಗಡಿಗೆ ಬರುತ್ತಾರೆ, ಯಾಕೆಂದರೆ ಅವನ ಸುದ್ದಿ ಕೇಳಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೆ ಬರೆಯುತ್ತಿದ್ದೇನೆ. ಕಾಗುಣಿತ ಮಗಳು ತಿದ್ದಿದ್ದಾಳೆ.

ಸರಕಾರಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಪಾಸಾದ ಹುಡುಗನ ತಲೆಯನ್ನು ನಮ್ಮಲ್ಲಿ ನುಣ್ಣಗೆ ಬೋಳಿಸುತ್ತಾರೆ. ಹುಡುಗಿಯಾದರೆ ಒಂದು ಎಳೆ ಕತ್ತರಿಸುತ್ತಾರೆ. ಆ ಹುಡುಗರು ಎಷ್ಟು ಚಳಿಯಿದ್ದರೂ ಟೋಪಿ ಹಾಕುವುದಿಲ್ಲ. ಬೋಳುತಲೆ ಊರಿಗೆಲ್ಲ ಕಾಣಬೇಕು. ಆ ಕೆಲಸಕ್ಕೆ ಸಬಿನೊ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಫಲಿತಾಂಶದ ಹಾಳೆ ಮಾತ್ರ ಕೇಳುತ್ತಿದ್ದ. ಹೆಸರಿನ ಕೆಳಗೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿ, ಆಮೇಲೆ ಮಷಿನ್ ಹಿಡಿಯುತ್ತಿದ್ದ.

ಆಮೇಲೆ ಹೊಸ ವಿಶ್ವವಿದ್ಯಾಲಯಗಳು ಬಂದವು. ಒಂದು ಟೈರ್ ಅಂಗಡಿಯ ಹಿಂದೆ. ಒಂದು ಕೋಳಿ ಸುಡುವ ಹೋಟೆಲಿನ ಮೇಲೆ. ಕೋಳಿಯ ಮೇಲಿನದರ ಹೆಸರು ನಾನು ಬರೆಯುವುದಿಲ್ಲ, ಕಾಗದ ಯಾಕೆ ಕೊಳಕು ಮಾಡಲಿ. ಅಲ್ಲಿ ಸೀಟು ಸಿಕ್ಕ ಹುಡುಗರೂ ತಲೆ ಬೋಳಿಸಿಕೊಳ್ಳಲು ಬಂದರು. ಸಬಿನೊ ಒಪ್ಪಲಿಲ್ಲ.

"ಬೇಕಾದ್ರೆ ಕಟಿಂಗ್ ಮಾಡ್ತೀನಿ," ಅಂದ. "ನಿಮ್ಮ ತಲೆ ಅವರು ಆಗ್ಲೇ ಬೋಳಿಸಿ ಆಗಿದೆ."

ಇನ್ನು ವಿಲ್ಮರ್ ಕಮರೇನಾನ ವಿಷಯ. ನಮ್ಮ ಮಗಳು ನೆಲಿದಾಳ ಜ್ಞಾನಸ್ನಾನಕ್ಕೆ ಅಪ್ಪನ ಸ್ಥಾನದಲ್ಲಿ ನಿಂತವನು. ಹಾಗಾಗಿ ಅವನೂ ನನ್ನ ಗಂಡನೂ ಒಬ್ಬರನ್ನೊಬ್ಬರು ಕೊಂಪಾದ್ರೆ ಎಂದು ಕರೆಯುವ ನಂಟು, ನನಗೂ ಅವನು ಕೊಂಪಾದ್ರೆಯೇ. ಮೊದಲು ಅವನು ಪಾತ್ರೆ ಮಾರುತ್ತಿದ್ದ, ಒಂದು ಚಳಿಗಾಲ ಕಳೆಯುವುದರೊಳಗೆ ತಳ ಬಿಟ್ಟುಬರುವಂಥವು. ಆಮೇಲೆ ನೀರು ಶುದ್ಧ ಮಾಡುವ ಡಬ್ಬ ಮಾರಿದ. ಆಮೇಲೆ ಸಲಹೆ, ಮಕ್ಕಳನ್ನು ಯಾವ ಕಾಲೇಜಿಗೆ ಹಾಕಬೇಕೆಂದು. ಸಲಹೆಗೆ ತಳವೇ ಇಲ್ಲವಲ್ಲ, ಯಾರೂ ವಾಪಸು ತರುವುದಿಲ್ಲ.

ಭಾನುವಾರ ಟೈ ಕಟ್ಟಿಕೊಂಡು ಚರ್ಚಿನ ಮುಂದೆ ಮೇಜು ಹಾಕಿ ಕೋಳಿಯ ಮೇಲಿನ ಕಾಲೇಜಿಗೆ ಮಕ್ಕಳನ್ನು ಹಿಡಿಯುತ್ತಿದ್ದ. ಕಟ್ಟಡಕ್ಕೆ ಲಿಫ್ಟು ಇದೆಯಾ ನೋಡಿ ಎನ್ನುತ್ತಿದ್ದ. ಕಂಪ್ಯೂಟರು ಎಷ್ಟಿವೆ ನೋಡಿ, ಫೋಟೊದಲ್ಲಿ ಮಕ್ಕಳು ನಗುತ್ತಿದ್ದಾರಾ ನೋಡಿ, ನಮ್ಮಲ್ಲಿ ಯಾರೂ ಫೇಲಾಗುವುದಿಲ್ಲ. ಆಲೂಗಡ್ಡೆ ಕೊಳ್ಳುವಾಗ ಮೂಟೆಯ ತಳದ ತನಕ ಕೈ ಹಾಕಿ ನೋಡುವ ಹೆಂಗಸರು ಅಲ್ಲಿ ಕಾಲೇಜಿನ ಜಾಹೀರಾತು ಕಾಗದದ ಹೊಳಪು ಸವರಿ ತಲೆಯಾಡಿಸುತ್ತಿದ್ದರು. ಒಬ್ಬಳೂ ಕೇಳಲಿಲ್ಲ, ನಿಮ್ಮ ಸ್ವಂತ ಮಗ ಎಲ್ಲಿ ಓದುತ್ತಾನೆ ಎಂದು. ಅವನ ಮಗ ಎರಡು ವರ್ಷ ಕೋಚಿಂಗಿಗೆ ಹೋಗಿ ಆ ಮಾರ್ಚಿನಲ್ಲಿ ಸರಕಾರಿಯಲ್ಲಿ ಪಾಸಾದ. ಅವನ ತಲೆ ಬೋಳಿಸಿದ್ದು ನನ್ನ ಗಂಡನೇ.

ಅದೇ ಮಾರ್ಚಿನಲ್ಲಿ ನೆಲಿದಾ ಫೇಲಾದಳು. ಅವಳಿಗೆ ನರ್ಸಿಂಗ್ ಓದಬೇಕಿತ್ತು. ಬಹಳ ಕಡಿಮೆ ಅಂಕದಲ್ಲಿ ತಪ್ಪಿತು. ಮೂರು ದಿನ ಕಂಬಳಿ ಹೊದ್ದು ಮಲಗಿದಳು. ನಾಲ್ಕನೇ ದಿನ ಕೊಂಪಾದ್ರೆ ಬಂದ, ಕೈಯಲ್ಲಿ ಕೋಳಿ ಕಾಲೇಜಿನ ಅರ್ಜಿ. ನರ್ಸಿಂಗ್ ಸೀಟು ಖಾತ್ರಿ, ಶನಿವಾರದೊಳಗೆ ಅಪ್ಪನ ಸಹಿ ಆಗಬೇಕು, ಅಷ್ಟೇ. ನೆಲಿದಾ ಕಂಬಳಿ ತೆಗೆದು ಎದ್ದು ಕೂತಳು. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಮಗಳು ಅಳುವುದು ನಿಂತರೆ ಸಾಕಾಗಿತ್ತು. ಸಹಿ ಹಾಕು ಎಂದು ಸಬಿನೊನಿಗೆ ಹೇಳಿದವಳು ನಾನೇ. ಆ ದಿನ ನನಗೂ ಆ ಮೇಜಿನ ಮುಂದಿನ ಹೆಂಗಸರಿಗೂ ವ್ಯತ್ಯಾಸ ಇರಲಿಲ್ಲ.

ಅವನು ಅರ್ಜಿಯನ್ನು ಅಂಗಡಿಯ ಕನ್ನಡಿಯ ಹಿಂದೆ ಸಿಕ್ಕಿಸಿದ. ಗುರುವಾರ ಅಂಗಡಿ ಮುಚ್ಚಿ, ಮದುವೆಯ ಕೋಟು ಹಾಕಿಕೊಂಡು ಹೊರಗೆ ಹೋದ. ಮಧ್ಯಾಹ್ನ ಮೈಯೆಲ್ಲ ಸುಟ್ಟ ಕೋಳಿಯ ವಾಸನೆ ಹೊತ್ತುಕೊಂಡು ಬಂದ. ತಿಂದು ಬಂದೆಯಾ ಎಂದು ಕೇಳಿದೆ. ಇಲ್ಲ, ಪರೀಕ್ಷೆ ಬರೆದು ಬಂದೆ ಎಂದ.

ಊಟಕ್ಕೆ ಕೂತು ಎಲ್ಲ ಹೇಳಿದ. ಅವನಿಗೆ ಅರವತ್ತೊಂದು ವರ್ಷ. ಅಲ್ಲಿ ಯಾರೂ ವಯಸ್ಸು ಕೇಳಲಿಲ್ಲವಂತೆ. ಪ್ರೌಢಶಾಲೆಯ ಸರ್ಟಿಫಿಕೇಟು ಕೇಳಿದರು, ಇಲ್ಲ ಎಂದದ್ದಕ್ಕೆ ಆಮೇಲೆ ತಂದುಕೊಡಿ ಎಂದರು. ಏನು ಓದುತ್ತೀರಿ ಎಂದಾಗ ಗೋಡೆಯ ಮೇಲಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಬರೆದದ್ದನ್ನು ತೋರಿಸಿದ. ಅದು ವಕೀಲಿ. ಪರೀಕ್ಷೆಗೆ ಹನ್ನೊಂದು ಜನ. ನಲವತ್ತು ಪ್ರಶ್ನೆ. ಇವನು ಮೇಲೆ ಹೆಸರು ಬರೆದ, ಕೆಳಗೆ ಒಂದು ಬಾಚಣಿಗೆಯ ಚಿತ್ರ ಬಿಡಿಸಿದ, ಉಳಿದದ್ದೆಲ್ಲ ಖಾಲಿ ಬಿಟ್ಟು ಕೊಟ್ಟ. ಆಮೇಲೆ ಒಬ್ಬ ಹುಡುಗಿ ಒಳಗೆ ಕರೆದು ವಕೀಲರಾಗಲು ಯಾಕೆ ಇಷ್ಟ ಎಂದು ಕೇಳಿದಳು.

"ಕಾಲು ನೋಯ್ತದಮ್ಮ, ಕೂತು ಮಾಡೋ ಕೆಲಸ ಬೇಕು ಅಂದೆ," ಎಂದ. "ಬರಕೊಂಡ್ಳು."

ಶುಕ್ರವಾರ ಫಲಿತಾಂಶ ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಮುದ್ರೆ. ಭಾವಿ ವಕೀಲರಾದ ಶ್ರೀ ಸಬಿನೊ ಪೋಮಾ ಅವರಿಗೆ ಅಭಿನಂದನೆ. ಹನ್ನೊಂದು ಜನರಲ್ಲಿ ಏಳನೇ ಸ್ಥಾನ.

ಅವನು ಆ ಕಾಗದವನ್ನು ನೆಲಿದಾಳ ಕೈಗೆ ಕೊಟ್ಟ. "ಏಳನೇದು ನಾನು. ನನ್ನ ಕೆಳಗೆ ಇನ್ನೂ ನಾಲ್ಕು ಜನ ಇದ್ದಾರೆ ಮಗಳೇ. ಅವರು ಏನು ಬರೆದಿರಬಹುದು ಹೇಳು."

ಆಮೇಲೆ ತನ್ನ ಕುರ್ಚಿಯಲ್ಲಿ ತಾನೇ ಕೂತ. ಮೂವತ್ತೆರಡು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವನು ಕೂತದ್ದನ್ನು ನಾನು ನೋಡಿರಲಿಲ್ಲ. ಬಟ್ಟೆ ಕೊರಳಿಗೆ ಸುತ್ತಿಕೊಂಡು ಮಷಿನನ್ನು ಮಗಳ ಕಡೆ ಹಿಡಿದ.

"ಬೋಳಿಸು. ಸೀಟು ಸಿಕ್ಕಿದೆ."

"ಅಪ್ಪಾ, ತಮಾಷೆ ಸಾಕು."

"ತಮಾಷೆ ಅಲ್ಲ. ಹೇಗೂ ಬೋಳಿಸೋರು ಅವರು. ಅದಕ್ಕಿಂತ ಮೊದಲು ನೀನೇ ಬೋಳಿಸು."

ಅವಳು ನಕ್ಕಳು. ನಗುತ್ತಲೇ ಮಷಿನ್ ಹಚ್ಚಿದಳು. ಅರ್ಧ ತಲೆಯಾಗುವ ಹೊತ್ತಿಗೆ ಅಳುತ್ತಿದ್ದಳು. ಅವನು ಕನ್ನಡಿಯಲ್ಲಿ ನೋಡುತ್ತ ಕೂತಿದ್ದ. ಒಂದು ಸಲ ಮಾತ್ರ, ಕಿವಿ ಹತ್ತಿರ ನಿಧಾನ ಎಂದ. ಮುಗಿದ ಮೇಲೆ ಅವಳು ನರೆತ ಕೂದಲನ್ನೆಲ್ಲ ಗುಡಿಸಿದಳು. ಕಸದ ಮೊರ ಸಿಕ್ಕಲಿಲ್ಲ. ಕನ್ನಡಿಯ ಹಿಂದೆ ಸಿಕ್ಕಿಸಿದ್ದ ನರ್ಸಿಂಗ್ ಅರ್ಜಿ ತೆಗೆದು, ಅದರಲ್ಲೇ ಕೂದಲು ಎತ್ತಿ ಕಸಕ್ಕೆ ಹಾಕಿದಳು.

ಶನಿವಾರ ಕೊಂಪಾದ್ರೆ ಸಹಿಗೆ ಬಂದ. ಬಾಗಿಲಲ್ಲೇ ನಿಂತ.

"ಏನು ಕೊಂಪಾದ್ರೆ ಇದು? ತಲೇಲಿ ಹೇನಾ?"

"ಅಲ್ಲ ಕೊಂಪಾದ್ರೆ, ನಿಮ್ಮ ವಿಶ್ವವಿದ್ಯಾಲಯ," ಎಂದ ಸಬಿನೊ. ಚಿನ್ನದ ಮುದ್ರೆಯ ಕಾಗದ ತೋರಿಸಿದ.

ಮಾನ ಇದ್ದವನಾಗಿದ್ದರೆ ತಿರುಗಿ ಹೋಗುತ್ತಿದ್ದ. ಇವನು ಕಾಗದವನ್ನು ಮೇಲಿನಿಂದ ಕೆಳಗೆ ಓದಿ, ಹಿರಿಯರಿಗೆ ರಿಯಾಯಿತಿ ಇದೆ, ಸೋಮವಾರವೇ ತರಗತಿ ಶುರು ಎಂದ.

ಆ ತಲೆ ಹೊತ್ತು ಸಬಿನೊ ಟೋಪಿಯಿಲ್ಲದೆ ಓಡಾಡಿದ. ಯಾವಾಗ ಸೀಟು ಸಿಕ್ಕಿತು ಎಂದು ಸಂತೆಯವರು ಕೆಣಕುತ್ತಿದ್ದರು. ನಿಂತು ಪೂರ್ತಿ ಕತೆ ಹೇಳುತ್ತಿದ್ದ, ಕೊನೆಗೆ ಇಷ್ಟು ಸೇರಿಸುತ್ತಿದ್ದ: ಮಗುವನ್ನು ಕರೆದುಕೊಂಡು ಹೋಗುವ ಮೊದಲು ನೀವೇ ಹೋಗಿ ಪರೀಕ್ಷೆ ಬರೆಯಿರಿ. ನಿಮ್ಮನ್ನು ಸೇರಿಸಿಕೊಂಡರೆ ಮಗುವನ್ನು ಸೇರಿಸಬೇಡಿ.

ಏಪ್ರಿಲಿನಲ್ಲಿ ಸತ್ತ. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವಾಗ ಎದೆ ಹಿಡಿದುಕೊಂಡ, ಅಷ್ಟೇ. ತಲೆಯಲ್ಲಿ ಕೂದಲು ಒಂದು ಬೆರಳೂ ಬಂದಿರಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿಸಿದಾಗ ಆ ತಲೆ ಸವರಿದೆ. ಮುಳ್ಳು ಮುಳ್ಳಾಗಿತ್ತು. ಕೊಂಪಾದ್ರೆ ಸ್ಮಶಾನಕ್ಕೆ ಬಂದಿದ್ದ. ಗೇಟಿನ ಹತ್ತಿರ ನನ್ನ ತಂಗಿಯ ಮಗನ ಕೈಗೆ ಹೊಳಪಿನ ಕಾಗದ ಕೊಡುತ್ತಿದ್ದದ್ದನ್ನು ನಾನು ಕಣ್ಣಾರೆ ನೋಡಿದೆ.

ಒಂದು ತಿಂಗಳ ಮೇಲೆ ಆ ಕಾಲೇಜಿನಿಂದ ಫೋನು ಬಂತು. ವಿದ್ಯಾರ್ಥಿ ಪೋಮಾ ಇನ್ನೂ ತರಗತಿಗೆ ಬಂದಿಲ್ಲ ಎಂದಳು ಒಬ್ಬ ಹುಡುಗಿ. ಸತ್ತುಹೋದ ಎಂದೆ. ಆ ಕಡೆ ಹಾಳೆ ಮಗುಚಿದ ಸದ್ದು ಕೇಳಿತು.

"ಹಾಗಾದ್ರೆ ಮನೇಲಿ ಬೇರೆ ಯಾರಾದ್ರೂ ಓದೋರು ಇದ್ದಾರಾ ಅಮ್ಮಾ?"

ಇದ್ದಾಳೆ, ನಿಮ್ಮಲ್ಲಿ ಅಲ್ಲ ಎಂದು ಫೋನಿಟ್ಟೆ. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಬಹುಶಃ ಅವಳೂ ಅಲ್ಲೇ ಓದಿದವಳು, ಬೇರೆಲ್ಲೂ ಕೆಲಸ ಸಿಕ್ಕಿರಲಾರದು.

ಆ ಕಾಲೇಜು ಈಗಿಲ್ಲ. ಮೇಲಿನ ಮಹಡಿಯಲ್ಲೂ ಕೋಳಿಯೇ ಮಾರುತ್ತಾರೆ, ಕನಿಷ್ಠ ತಿನ್ನಬಹುದು.

ನೆಲಿದಾ ಅಪ್ಪನ ಅಂಗಡಿಯಲ್ಲಿ ಬಾಗಿಲು ಹಾಕಿಕೊಂಡು ಓದಿದಳು. ಆಗಸ್ಟಿನಲ್ಲಿ ಮತ್ತೆ ಸರಕಾರಿ ಪರೀಕ್ಷೆ ಬರೆದಳು. ಅವತ್ತೇ ಫಲಿತಾಂಶ. ಸಂಜೆ, ಪಾಸಾದವರ ಮೇಲೆ ಗೆಳತಿಯರು ಸುರಿಯುವ ಹಿಟ್ಟು, ಮೊಟ್ಟೆಯೆಲ್ಲ ಮೈಮೇಲೆ ಹೊತ್ತುಕೊಂಡೇ ಬಂದಳು. ಕೂದಲಿಗೆ ಮಾತ್ರ ಯಾರನ್ನೂ ಕೈ ಹಚ್ಚಲು ಬಿಟ್ಟಿರಲಿಲ್ಲ. ಬಂದವಳೇ ಕುರ್ಚಿಯಲ್ಲಿ ಕೂತು ಹಾಳೆ ನನ್ನ ಮುಂದೆ ಹಿಡಿದಳು. ನಾನು ಹೆಸರಿನ ಕೆಳಗೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದೆ. ಬಹಳ ಹೊತ್ತಾಯಿತು. ಅವಳು ಅವಸರ ಮಾಡಲಿಲ್ಲ.

ಆಮೇಲೆ ಅವನ ಕತ್ತರಿ ತೆಗೆದುಕೊಂಡು ಹಣೆಯ ಮೇಲಿನ ಒಂದು ಎಳೆ ಕತ್ತರಿಸಿದೆ.

"ಸೊಟ್ಟ ಆಯ್ತು," ಎಂದೆ.

"ಇರಲಿ ಬಿಡಮ್ಮ," ಎಂದಳು. "ಕಾಣಬೇಕಲ್ಲ."