ಅತ್ತೆ ಕಾವಿ ಉಟ್ಟದ್ದು

ನನಗೆ ಮೂರು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಅದೇ ವರ್ಷ ಅಪ್ಪನ ತಂಗಿ ಗಂಡನನ್ನು ಕಳೆದುಕೊಂಡು ಸಿರುಗುಪ್ಪದ ನಮ್ಮ ಮನೆಗೆ ಬಂದಳು. ಅವಳಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಕ್ಕಿ ಕೇರಿದಳು, ಗದ್ದೆಯ ಆಳುಗಳಿಗೆ ಬುತ್ತಿ ಕಟ್ಟಿದಳು, ಎಮ್ಮೆ ಕರೆದಳು. ನಾನು ಅವಳನ್ನು ಅತ್ತೆ ಎಂದು ಕರೆಯುತ್ತಿದ್ದೆನಾದರೂ ಅವ್ವ ಎಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದದ್ದು ಅವಳ ಮುಖವೇ.

ಅವಳು ಮಹಾ ನಗುವಿನವಳು. ಬಳೆ ಮಾರಲು ಬರುತ್ತಿದ್ದ ತೆಲುಗು ಶೆಟ್ಟರ ಮಾತನ್ನು ಅವರು ಬೀದಿ ದಾಟುವ ಮೊದಲೇ ಅಣಕಿಸಿ ತೋರಿಸುವಳು. ಮೆಣಸಿನಕಾಯಿ ಬಜ್ಜಿ ಕಂಡರೆ ಪ್ರಾಣ. ಆರು ತಿಂದು, ಎದೆಯುರಿ ಎಂದು ಮಜ್ಜಿಗೆ ಕುಡಿದು, ಮತ್ತೊಂದಕ್ಕೆ ಕೈ ಚಾಚುವಳು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಚೀಲ ಹೊಸ ಅಕ್ಕಿ ಹೇರಿಸಿಕೊಂಡು ಕುರುಗೋಡಿನ ಮಠಕ್ಕೆ ಹೋಗುವಳು, ನಾಲ್ಕು ದಿನ ಅಲ್ಲಿನ ದಾಸೋಹದ ಅಡುಗೆಗೆ ಕೈಜೋಡಿಸಿ ಬರುವಳು. ಅದರಲ್ಲಿ ವಿಶೇಷವೇನಿದೆ ಎಂದು ನಾವ್ಯಾರೂ ಯೋಚಿಸಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ವರ್ಷ ನನ್ನ ಮದುವೆಯಾಯಿತು. ಗಂಡ ಬಳ್ಳಾರಿ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತರು. ಕೌಲ್ ಬಜಾರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಾನು ಆ ಮನೆಗೆ ಹೋಗಿ ಎಂಟು ತಿಂಗಳಾಗಿರಬೇಕು, ಹಚ್ಚೊಳ್ಳಿಯ ಮಾಸ್ತರೊಬ್ಬರು ಅತ್ತೆಯನ್ನು ಕೇಳಿಕೊಂಡು ಬಂದರಂತೆ. ಹೆಂಡತಿ ಸತ್ತವರು, ಮಕ್ಕಳಿಲ್ಲ, ಮೃದು ಮಾತಿನ ಮನುಷ್ಯ. ನಮ್ಮಲ್ಲಿ ಗಂಡ ಸತ್ತವಳಿಗೆ ಉಡಿಕಿ, ಅಂದರೆ ಮರುಮದುವೆ, ಹೊಸತೇನಲ್ಲ. ಅಪ್ಪನಿಗೆ ಸಂತೋಷವಾಯಿತು. ಅತ್ತೆ ಎಂಟು ದಿನ ಎಂದಿನಂತೆ ಗದ್ದೆಗೆ ಬುತ್ತಿ ಕಟ್ಟಿದಳು. ಒಂಬತ್ತನೆಯ ದಿನ ಬೆಳಿಗ್ಗೆ ಅಪ್ಪನಿಗೆ ರೊಟ್ಟಿ ಬಡಿಸುತ್ತ ಹೇಳಿದಳಂತೆ:

"ಮಾಸ್ತರು ಭಾಳ ಒಳ್ಳೇವರದಾರಣ್ಣಾ. ಅವರಿಗೆ ಒಳ್ಳೇ ಹೆಣ್ಣು ಸಿಗಲಿ. ನಾ ಕುರುಗೋಡಿಗೆ ಹೊಕ್ಕೀನಿ."

"ಹೋಗಿ ಬಾ. ಯಾವಾಗ ಬರ್ತಿ?"

"ಬರೂದಿಲ್ಲಣ್ಣಾ."

ಊರವರಿಗೆ ಕಾರಣಗಳ ಕೊರತೆಯಿರಲಿಲ್ಲ. ಅಣ್ಣ ಏನೋ ಅಂದಿರಬೇಕು ಎಂದರು ಕೆಲವರು. ಇಷ್ಟು ವರ್ಷ ಒಳಗೊಳಗೇ ಬೆಂದಿದ್ದಾಳೆ ಪಾಪ ಎಂದರು ಇನ್ನು ಕೆಲವರು. ಅಪ್ಪನಿಂದ ನನಗೊಂದು ಕಾರ್ಡು ಬಂತು: ನಿನ್ನ ಅತ್ತೆ ಮಠ ಸೇರಿದಳು, ನೀನಾದರೂ ಹೋಗಿ ಕರೆದುಕೊಂಡು ಬಾ. ಕಾರ್ಡು ಓದಿ ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನನ್ನನ್ನು ಕಳಿಸಿಕೊಟ್ಟ ಮೇಲೆ ಅವಳಿಗೆ ಮನೆ ಬಿಕೋ ಎಂದಿರಬೇಕು, ತಪ್ಪು ನನ್ನದೇ ಎಂದುಕೊಂಡೆ. ಆಗ ನಾನು ಐದು ತಿಂಗಳ ಬಸುರಿ.

ಗಂಡ ರಜೆ ಹಾಕಿದರು. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯ ಮೇಲೆ ಓಡುವ ಬಸ್ಸುಗಳ ಕಾಲ ಅದು. ಏರು ಬಂದಾಗ ಗಂಡಸರೆಲ್ಲ ಇಳಿದು ನೂಕಿದರು. ನಾವು ಕುರುಗೋಡು ತಲುಪುವಾಗ ಬಂಡೆಗುಡ್ಡದ ಮೇಲೆ ಬಿಸಿಲು ಕಾದಿತ್ತು.

ಅತ್ತೆ ಮಠದ ಅಂಗಳದಲ್ಲಿ ಕಾವಿ ಸೀರೆಯುಟ್ಟು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡವಳೇ ಮೊರ ಬಿಟ್ಟು ಎದ್ದು ಬಂದು, ನನ್ನ ಹೊಟ್ಟೆ ನೋಡಿ ಜೋರಾಗಿ ನಕ್ಕಳು. ಅದೇ ಹಳೆಯ ನಗು. ನನಗೆ ಸಿಟ್ಟು ನೆತ್ತಿಗೇರಿತು.

"ನಗ್ತಿಯೇನು? ಅಲ್ಲಿ ಅಪ್ಪ ಸರಿಯಾಗಿ ಉಣ್ಣವಲ್ಲ. ಯಾರೇನಂದ್ರು ನಿನಗ? ನಾ ಹೋದೆ ಅಂತ ಬ್ಯಾಸರಾತೇನು?"

ಅವಳು ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು.

"ಹುಚ್ಚವ್ವಾ, ಅತ್ಕೋತ ಬರಾಕ ನಾ ಇಷ್ಟು ವರ್ಷ ಕಾಯಬೇಕಿತ್ತೇನು? ಗಂಡ ಸತ್ತಾಗ ಒಮ್ಮೆ ಬಂದಿದ್ದೆ. ಇಲ್ಲೇ ಇರ್ತೀನಿ ಅಂದೆ. ಆವಾಗಿನ ಸ್ವಾಮ್ಯಾರು, 'ದುಃಖಕ್ಕ ಮಠ ಔಷಧ ಅಲ್ಲ ತಾಯಿ. ಮನ್ಯಾಗ ತಾಯಿಲ್ಲದ ಕೂಸು ಐತಂತಲ್ಲ, ಹೋಗು' ಅಂತ ಕಳಿಸಿದ್ರು."

ಇದು ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ.

"ಮತ್ತ ಈಗ ಯಾಕ ಬಂದಿ?"

"ಹಸ್ಕೊಂಡು ಎದ್ದು ಹೋದವ ತಿರುಗಿ ತಾಟಿಗೆ ಬರ್ತಾನ. ಹೊಟ್ಟಿ ತುಂಬಿದವ ಕೈ ತೊಳ್ಕೊಂಡು ಏಳ್ತಾನ. ನನ್ನ ಹೊಟ್ಟಿ ತುಂಬೈತವ್ವಾ. ನೀನೇ ತುಂಬಿಸಿದಿ."

"ಮಾಸ್ತರು?"

"ಅವರು ಬಂದು ಕೇಳಿದ ಮ್ಯಾಲೇ ನನಗೂ ತಿಳೀತು. ಒಳ್ಳೇದು ಅನಿಸ್ತು, ಬೇಕು ಅನಿಸಲಿಲ್ಲ. ಇಲ್ಲಿ ನಸಿಕಿನ್ಯಾಗ ಎದ್ದು ಪೂಜಿ ಮಾಡಿ ಕುಂತಾಗ ಮಾತ್ರ, ಇದು ಬೇಕಿತ್ತು ನನಗ ಅನಸ್ತೈತಿ."

ನಾನು ವಾದ ಮಾಡುವುದಕ್ಕೆಂದು ಹೋದವಳು. ಅಷ್ಟು ಕೇಳಿದ ಮೇಲೆ ಬಾಯಿಂದ ಹೊರಟದ್ದು ಬೇರೆಯೇ: "ನನ್ನ ಬಾಣಂತನ ಯಾರು ಮಾಡ್ತಾರ?"

ಹಾಗೆ ಕೇಳಿದ ಮೇಲೆಯೇ ನಾನು ಅಷ್ಟು ದೂರ ಬಂದದ್ದು ಯಾತಕ್ಕೆಂದು ನನಗೂ ಗೊತ್ತಾದದ್ದು. ಅತ್ತೆ ಈ ಸಲ ನಗಲಿಲ್ಲ. ಒಳಗೆ ಹೋಗಿ ಸ್ವಾಮಿಗಳನ್ನು ಕೇಳಿಕೊಂಡು ಬಂದಳು. "ಕೂಸು ಹುಟ್ಟಿದ ಸುದ್ದಿ ಕಳಸು. ನಲವತ್ತು ದಿನ ಬಂದು ಇರ್ತೀನಿ. ನಲವತ್ತೊಂದು ಇಲ್ಲ."

ಮಗಳು ಹುಟ್ಟಿದ ಮೂರನೆಯ ದಿನ ಅತ್ತೆ ಕೌಲ್ ಬಜಾರಿಗೆ ಬಂದಳು. ಕಾವಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಬಿಸಿನೀರು ಹೊಯ್ಯುತ್ತಿದ್ದವಳನ್ನು ನೋಡಲು ಓಣಿಯ ಹೆಂಗಸರು ನೆವ ಮಾಡಿಕೊಂಡು ಬರುತ್ತಿದ್ದರು. ಪಕ್ಕದ ಮನೆಯ ತೆಲುಗಿನ ಅಜ್ಜಿ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು, ಸನ್ಯಾಸಿಗೆ ಬಾಣಂತಿಯ ಕೋಣೆಯಲ್ಲಿ ಏನು ಕೆಲಸ ಎಂದು. ಅತ್ತೆ ತೆಲುಗಿನಲ್ಲೇ ಉತ್ತರ ಕೊಟ್ಟಳು: "ಸನ್ಯಾಸಂ ನಾಕಮ್ಮಾ, ಬಿಡ್ಡಕು ಕಾದು ಕದಾ!" ಸನ್ಯಾಸ ನನಗೆ, ಕೂಸಿಗಲ್ಲವಲ್ಲ ಎಂದು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನದಿಂದ ಅಜ್ಜಿಯ ಮನೆಯಿಂದ ನನಗೆ ಬೆಳ್ಳುಳ್ಳಿ ಖಾರ ಬರತೊಡಗಿತು.

ನಲವತ್ತು ದಿನ ಕಳೆದ ಬೆಳಿಗ್ಗೆ ಅತ್ತೆ ಚೀಲ ಹಿಡಿದು ಹೊರಟಳು. ನಾನು ಅತ್ತುಬಿಟ್ಟೆ. ಅವಳ ಕಣ್ಣುಗಳೂ ತುಂಬಿದ್ದವು. ಮಠ ಸೇರಿದವರಿಗೆ ಕಣ್ಣೀರು ಬರುವುದಿಲ್ಲವೆಂದು ನಾನು ತಿಳಿದಿದ್ದೆ.

"ನಿನಗೂ ಅಳು ಬರ್ತೈತೇನು?"

"ಬರ್ತೈತಿ ಬಿಡು, ಬರಲಿ," ಎಂದು ಸೆರಗಿನಿಂದ ಮುಖ ಒರೆಸಿಕೊಂಡು, ಕೂಸಿನ ಹಣೆಗೆ ವಿಭೂತಿ ಹಚ್ಚಿ ಹೋಗಿಬಿಟ್ಟಳು.

ಅಪ್ಪ ಮಾತ್ರ ಎರಡು ವರ್ಷ ಕುರುಗೋಡಿನ ಹೆಸರೆತ್ತಲಿಲ್ಲ. ಮೂರನೆಯ ಸುಗ್ಗಿಯಲ್ಲಿ ಯಾರೂ ಹೇಳದೆ ತಾನೇ ಬಂಡಿಗೆ ಎರಡು ಚೀಲ ಅಕ್ಕಿ ಹೇರಿಸಿದ. ತವರಿಗೆ ಬಂದಿದ್ದ ನಾನೂ ಮಗಳನ್ನು ಎತ್ತಿಕೊಂಡು ಹತ್ತಿದೆ. ಮಠದ ಬಾಗಿಲಲ್ಲಿ ಅಪ್ಪ ನಿಂತುಬಿಟ್ಟ. ಕಾವಿ ಉಟ್ಟವರಿಗೆ ನಮಸ್ಕಾರ ಮಾಡಬೇಕು. ಎದುರಿಗಿರುವವಳು ತಾನು ಎತ್ತಿ ಆಡಿಸಿದ ತಂಗಿ. ಸ್ವಲ್ಪ ಹೊತ್ತು ತಲೆಯ ಪಟಕ ಸರಿಮಾಡಿಕೊಂಡ. ಆಮೇಲೆ ನೆಲಕ್ಕೆ ಕೈಯೂರಿ ಮೆಲ್ಲಗೆ ಬಾಗಿದ.

"ಏಳಣ್ಣಾ, ಏಳು. ಮೊಣಕಾಲು ಹಿಡ್ಕೊಂಡಾವು," ಎಂದಳು ಅತ್ತೆ, ಅವನ ರಟ್ಟೆಗೆ ಕೈ ಕೊಟ್ಟು.

ಅಪ್ಪ ಅವತ್ತು ದಾಸೋಹದ ಪಂಕ್ತಿಯಲ್ಲಿ ಕೂತು ಎರಡು ಸಲ ಅನ್ನ ಹಾಕಿಸಿಕೊಂಡ. ಊರಿಗೆ ಮರಳಿದ ಮೇಲೆ ಯಾರಾದರೂ, ನಿನ್ನ ತಂಗಿ ಯಾಕೆ ಮಠ ಸೇರಿದಳು ಎಂದು ಕೇಳಿದರೆ, "ಅಕಿಗಿ ಅಲ್ಲಿ ಸೇರ್ತೈತಿ," ಎಂದಷ್ಟೇ ಹೇಳಿ ಗದ್ದೆಯ ಕಡೆ ನಡೆಯುತ್ತಿದ್ದ.